ಕಡತದ 43ನೇ ಪುಟ

ಕಳೆದ ವಾರ ಕಚೇರಿಯ ಇ-ಮೇಲಿಗೆ ಒಂದು ಫಾರ್ಮ್ ಬಂತು. ಆರು ತಿಂಗಳ ಹಿಂದೆ ನಮಗೆಲ್ಲ ಎರಡು ದಿನದ ಎಐ ತರಬೇತಿ ಕೊಟ್ಟಿದ್ದರು. ಅದರಿಂದ ಏನು ಫಲವಾಯಿತು ಎಂದು ತಿಳಿದುಕೊಳ್ಳುವ ಫಾರ್ಮ್. ಒಟ್ಟು ಹದಿನೆಂಟು ಪ್ರಶ್ನೆ. ಹದಿನೇಳನ್ನು ಬೆಳಗಿನ ಲೋಕಲ್‌ನಲ್ಲಿ ನಿಂತೇ ಮುಗಿಸಿದೆ. ಸಾನಪಾಡಾ ಬಿಟ್ಟರೆ ಜುಯಿನಗರ, ನೆರೂಳ್, ಸೀವುಡ್ಸ್, ಆಮೇಲೆ ಬೇಲಾಪುರ; ಅಷ್ಟೇ ದೂರ. ಉಳಿದ ಒಂದು ಪ್ರಶ್ನೆ ಹೀಗಿತ್ತು: ‘ನಿಮ್ಮ ದಿನನಿತ್ಯದ ಕೆಲಸದಲ್ಲಿ ಜನರೇಟಿವ್ ಎಐ ಬಳಸಲು ನೀವು ಎಷ್ಟರ ಮಟ್ಟಿಗೆ ಸಿದ್ಧರಿದ್ದೀರಿ?’ ಒಂದರಿಂದ ಐದರೊಳಗೆ ಒಂದನ್ನು ಒತ್ತಬೇಕು.

ತರಬೇತಿ ಮುಗಿದ ಸಂಜೆ ಇದೇ ಪ್ರಶ್ನೆಗೆ ಹಿಂದುಮುಂದು ನೋಡದೆ ಐದು ಒತ್ತಿದ್ದೆ. ಈ ಸಲ ಬೆರಳು ಏಳಲಿಲ್ಲ. ಯಾಕೆ ಏಳಲಿಲ್ಲ ಎಂದು ನನಗೆ ನಾನೇ ಬಿಡಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನನ್ನ ಕಚೇರಿಯ ಹೆಸರು ಹೇಳುವುದಿಲ್ಲ. ಕೇಂದ್ರ ಸರಕಾರದ್ದು, ಪಿಂಚಣಿಯ ಕಾಗದಗಳು ಓಡಾಡುವ ಜಾಗ, ಅಷ್ಟು ಸಾಕು. ಮುಂದೆ ಬರುವ ಹೆಣ್ಣುಮಗಳ ಊರು ಹೇಳುವುದಿಲ್ಲ, ಇಸವಿಗಳನ್ನು ಬದಲಿಸಿದ್ದೇನೆ. ಅವರ ಮನೆಯ ಗುಟ್ಟನ್ನು ಒಂದು ಸಲ ಹೊರಗೆ ಹಾಕಿದ್ದೇನೆ, ಎರಡನೆಯ ಸಲ ಬೇಡ.

ಮೊದಲು ಈ ಸಿದ್ಧತೆಯ ಮಾತು. ಸರಕಾರಿ ನೌಕರರು ಹೊಸ ಯಂತ್ರ ಕಂಡರೆ ಹೆದರುತ್ತಾರೆ, ಬದಲಾಗಲು ಒಲ್ಲರು ಎಂದು ಹೊರಗಿನವರು ನಂಬಿದ್ದಾರೆ. ಈ ಪತ್ರಿಕೆ ಓದುವವರಲ್ಲಿ ಐರೋಲಿ, ಮಹಾಪೆಯ ಕಂಪನಿಗಳಲ್ಲಿ ದುಡಿಯುವವರು ಬಹಳ ಜನ ಇದ್ದೀರಿ. ನಿಮ್ಮ ಮನಸ್ಸಿನಲ್ಲಿ ನಮ್ಮ ಚಿತ್ರವೆಂದರೆ ಚಹಾಕ್ಕೆ ಎದ್ದುಹೋದವನ ಖಾಲಿ ಕುರ್ಚಿ, ಅದರ ಬೆನ್ನಿಗೆ ತೂಗುಹಾಕಿದ ಟವೆಲ್ಲು. ಟವೆಲ್ಲು ನಿಜ. ಆದರೆ ನಮ್ಮ ಸೆಕ್ಷನ್ನಿನ ಒಂಬತ್ತು ಜನರಲ್ಲಿ ಎಂಟು ಜನ ತರಬೇತಿಗೆ ಮೊದಲೇ ಫೋನಿನಲ್ಲಿ ಎಐ ಇಟ್ಟುಕೊಂಡಿದ್ದೆವು. ಒಂಬತ್ತನೆಯವರ ಫೋನು ತೀರ ಹಳೆಯದು, ಅಷ್ಟೇ ಕಾರಣ.

ಯಾಕೆ ಇಟ್ಟುಕೊಂಡೆವು ಎಂಬುದನ್ನೂ ಹೇಳಬೇಕು. ನಾನು ಇಂಡಿ ತಾಲೂಕಿನ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವನು. ಪರೀಕ್ಷೆ ಪಾಸಾಗಿ ನೌಕರಿ ಹಿಡಿದು ಮುಂಬಯಿಗೆ ಬಂದಾಗ ಇಂಗ್ಲಿಷಿನಲ್ಲಿ ಪ್ರಶ್ನೆಪತ್ರಿಕೆಗೆ ಟಿಕ್ ಹಾಕಲು ಬರುತ್ತಿತ್ತು, ಒಂದು ಪ್ಯಾರಾ ಬರೆಯಲು ಬರುತ್ತಿರಲಿಲ್ಲ. ಸರಕಾರಿ ಕಡತದಲ್ಲಿ ಹಸಿರು ಹಾಳೆಯ ಮೇಲೆ ಟಿಪ್ಪಣಿ ಬರೆಯಬೇಕು: ವಿಷಯ ಏನು, ನಿಯಮ ಏನು, ನಾವು ಏನು ಮಾಡಬೇಕು. ಆ ಹಾಳೆ ಮೇಲೆ ಮೇಲೆ ಹೋಗುತ್ತದೆ, ಒಬ್ಬೊಬ್ಬರೇ ಕೆಳಗೆ ಸಹಿ ಹಾಕುತ್ತಾರೆ. ಈಗ ಎಲ್ಲ ಕಂಪ್ಯೂಟರಿನ ಮೇಲೆ. ಆದರೂ ಆ ಪುಟಕ್ಕೆ ಹಸಿರು ಬಣ್ಣವನ್ನೇ ಬಳಿದಿದ್ದಾರೆ. ಮೊದಲ ವರ್ಷ ನನ್ನ ಬಂಡವಾಳ ಐದು ವಾಕ್ಯ. ಆರನೆಯದು ಬೇಕಾದರೆ ಹಳೆಯ ಫೈಲು ತೆಗೆದು, ಹೆಸರು, ತಾರೀಖು ಬದಲಿಸಿ ಬರೆಯುತ್ತಿದ್ದೆ. ಶಾಲೆಯಲ್ಲಿ ಇದಕ್ಕೆ ಕಾಪಿ ಎನ್ನುತ್ತಿದ್ದರು, ಕಚೇರಿಯಲ್ಲಿ ಪ್ರಿಸಿಡೆಂಟ್ ನೋಡುವುದು ಎನ್ನುತ್ತಾರೆ.

ಇಪ್ಪತ್ತು ಚಿಲ್ಲರೆ ವರ್ಷ ಈ ನಾಚಿಕೆಯನ್ನು ಒಳಗೇ ಇಟ್ಟುಕೊಂಡು ಬಂದವನಿಗೆ ಎಐ ಎಂದರೆ ಏನು ಎಂದು ನಿಮ್ಮಲ್ಲಿ ಕೆಲವರಿಗಾದರೂ ಅರ್ಥವಾದೀತು. ನನ್ನ ಮುಂದಿನ ಮೇಜಿನಲ್ಲಿ ಸಾತಾರಾ ಕಡೆಯ ಒಬ್ಬ ಹುಡುಗಿ ಇದ್ದಾಳೆ, ಮರಾಠಿ ಶಾಲೆಯಲ್ಲಿ ಓದಿದವಳು, ನಿಯಮಗಳಲ್ಲಿ ನಮಗಿಂತ ಚುರುಕು. ಮೊದಲ ಸಲ ಅವಳ ಟಿಪ್ಪಣಿ ತಿದ್ದುಪಡಿಯಿಲ್ಲದೆ ಮೇಲಿಂದ ಇಳಿದು ಬಂದ ದಿನ ಅವಳು ಎಲ್ಲರಿಗೂ ವಡಾಪಾವ್ ಕೊಡಿಸಿದಳು. ಕಾನ್ವೆಂಟಿನವರಿಗೂ ನಮಗೂ ನಡುವಿದ್ದ ಗೋಡೆಯನ್ನು ಒಂದು ಫೋನು ಕೆಡವಿತು. ಇದನ್ನು ಕಡಿಮೆ ಮಾಡಿ ಹೇಳಲಾರೆ. ಮುಂದೆ ನಾನು ಏನೇ ಹೇಳಿದರೂ ಈ ವಡಾಪಾವನ್ನು ಮರೆಯಬೇಡಿ.

ಇನ್ನು ಸರಕಾರ. ಅದಕ್ಕೆ ಎರಡು ಮನಸ್ಸು. 2024ರ ಮಾರ್ಚಿನಲ್ಲಿ ಕೇಂದ್ರ ಸಂಪುಟ 10,000 ಕೋಟಿ ರೂಪಾಯಿಗೂ ಮಿಕ್ಕಿದ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2025ರ ಜನವರಿ 29ರಂದು ಅದೇ ಸರಕಾರದ ಹಣಕಾಸು ಸಚಿವಾಲಯ ತನ್ನ ನೌಕರರಿಗೆ ಸುತ್ತೋಲೆ ಕಳಿಸಿತು: ಕಚೇರಿಯ ಯಂತ್ರಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಬೇಡಿ, ಸರಕಾರದ ಕಾಗದಪತ್ರಗಳ ಗೋಪ್ಯತೆಗೆ ಅಪಾಯ. ಎರಡೂ ಸರಿಯೇ ಇರಬಹುದು. ಆದರೆ ನಮ್ಮಂಥ ಕಚೇರಿಯಲ್ಲಿ ಆ ಸುದ್ದಿ ಓದಿದವರು ತೆಗೆದ ಅರ್ಥ ಒಂದೇ: ಕಂಪ್ಯೂಟರಿನಲ್ಲಿ ಬೇಡ, ಜೇಬಿನಲ್ಲಿ ಇರಲಿ.

ನನ್ನ ಜೇಬಿನಲ್ಲಿ ಇತ್ತು. ಕಥೆ ಅಲ್ಲಿಂದ ಶುರು.

ಒಂದು ಕಡತ ನನ್ನ ಮೇಜಿಗೆ ಬಂತು. ‘ಇದರಾಗ ಕೆಲವು ಕಾಗದ ನಿಮ್ಮ ಭಾಷೆಯಲ್ಲಿವೆ, ನೀವೇ ನೋಡಿ’ ಎಂದು ಬೇರೆ ಮೇಜಿನಿಂದ ನನಗೆ ದಾಟಿಸಿದ್ದರು. ಇಡೀ ಮಹಡಿಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ನಿವೃತ್ತ ನೌಕರರೊಬ್ಬರ ಮಗಳು, ಐವತ್ತರ ಆಸುಪಾಸು, ವಿಚ್ಛೇದಿತೆ, ಕುಟುಂಬ ಪಿಂಚಣಿ ಕೇಳಿದ್ದರು. ತಂದೆ ಮೊದಲೇ ತೀರಿದ್ದರು. ಅವರ ನಂತರ ಪಿಂಚಣಿ ಪಡೆಯುತ್ತಿದ್ದ ತಾಯಿ 2019ರಲ್ಲಿ ತೀರಿದರು. ಮಗಳಿಗೆ ವಿಚ್ಛೇದನದ ಡಿಕ್ರಿ ಸಿಕ್ಕಿದ್ದು 2021ರಲ್ಲಿ.

ನಿಯಮ ಗೊತ್ತಿಲ್ಲದವರಿಗೆ ಒಂದು ಮಾತು. ಇಪ್ಪತ್ತೈದು ದಾಟಿದ ವಿಚ್ಛೇದಿತ ಮಗಳಿಗೆ ಕುಟುಂಬ ಪಿಂಚಣಿ ಸಿಗಬೇಕಾದರೆ ವಿಚ್ಛೇದನ ತಂದೆ ಅಥವಾ ತಾಯಿ ಬದುಕಿದ್ದಾಗಲೇ ಆಗಿರಬೇಕು ಎಂದು ಹಿಂದೆ ಇತ್ತು. ನಮ್ಮ ಕೋರ್ಟುಗಳ ವೇಗ ಬಲ್ಲವರಿಗೆ ಇದರ ಕ್ರೌರ್ಯ ತಿಳಿಯುತ್ತದೆ. ಅದಕ್ಕೇ 2017ರ ಜುಲೈ 19ರ ಆದೇಶದಲ್ಲಿ ಕೇಂದ್ರ ಪಿಂಚಣಿ ಇಲಾಖೆ ಸ್ಪಷ್ಟ ಮಾಡಿತು: ಡಿಕ್ರಿ ಆಮೇಲೆ ಬಂದರೂ ಸರಿ, ದಾವೆ ಮಾತ್ರ ತಂದೆತಾಯಿ ಇಬ್ಬರಲ್ಲಿ ಒಬ್ಬರಾದರೂ ಬದುಕಿದ್ದಾಗ ಹೂಡಿದ್ದಿರಬೇಕು. ಅಂದರೆ ಇಡೀ ಕಡತದಲ್ಲಿ ಹುಡುಕಬೇಕಾದದ್ದು ಒಂದೇ ತಾರೀಖು.

ಆ ತಾರೀಖು 43ನೇ ಪುಟದಲ್ಲಿತ್ತು. ಮಸುಕು ಜೆರಾಕ್ಸು, ನಮ್ಮ ಕಡೆಯ ಕೋರ್ಟಿನ ಅರ್ಜಿಯ ನಕಲು, ಕನ್ನಡದಲ್ಲಿ. ದಾಖಲಾದದ್ದು 2018ರಲ್ಲಿ, ತಾಯಿ ಇನ್ನೂ ಒಂದು ವರ್ಷ ಬದುಕಿದ್ದರು.

ನಾನು ಅದನ್ನು ಓದಲಿಲ್ಲ. ಅರವತ್ತು ಪುಟ, ತಿಂಗಳ ಕೊನೆ, ಹನ್ನೊಂದು ಕಡತ ಬಾಕಿ. ಸಂಜೆ ಎಲ್ಲರೂ ಎದ್ದಮೇಲೆ ಪುಟಗಳ ಫೋಟೋ ಹೊಡೆದೆ. ಗಾಡಿಯಲ್ಲಿ ಕೂತು ಎಐಗೆ ಕೊಟ್ಟೆ, ಸಾರಾಂಶ ಮಾಡು, ಅರ್ಹರೋ ಅಲ್ಲವೋ ಹೇಳು, ಟಿಪ್ಪಣಿಯ ಕರಡು ಬರೆ ಎಂದೆ. ಸಾನಪಾಡಾ ಬರುವಷ್ಟರಲ್ಲಿ ಬಂತು. ಡಿಕ್ರಿ ತಾಯಿಯ ಮರಣಾನಂತರದ್ದು, ಆದ್ದರಿಂದ ಅರ್ಜಿದಾರರು ಅರ್ಹರಲ್ಲ. ಮಸುಕಾಗಿದ್ದ ಕನ್ನಡ ಪುಟಗಳನ್ನು ಅದು ದಾಟಿಕೊಂಡು ಹೋಗಿತ್ತು. ಓದಲಾಗಲಿಲ್ಲ ಎಂದು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆದರೆ ಇಂಗ್ಲಿಷ್ ಎಂಥ ಇಂಗ್ಲಿಷ್! ಸಹಾನುಭೂತಿಯ ಒಂದು ವಾಕ್ಯ, ನಿಯಮದ ಎರಡು ವಾಕ್ಯ, ವಿಷಾದದ ಒಂದು ವಾಕ್ಯ. ಸಾನಪಾಡಾ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಅದನ್ನು ಮತ್ತೊಮ್ಮೆ ಓದಿ ಖುಷಿಪಟ್ಟೆ. ಬೇರೊಬ್ಬಳ ಅನ್ನ ತಪ್ಪಿಸುವ ಕಾಗದವನ್ನು ಅದರ ಭಾಷೆಗಾಗಿ ಎರಡೆರಡು ಸಲ ಓದಿದೆ ಎಂಬುದನ್ನು ಬರೆಯದೆ ಬಿಡಬಹುದಿತ್ತು.

ಟಿಪ್ಪಣಿ ಮೇಲೆ ಹೋಯಿತು, ಮೂರು ಸಹಿ ಬಿದ್ದವು, ತಿರಸ್ಕಾರದ ಪತ್ರ ಅಂಚೆಗೆ ಹೋಯಿತು.

ದೀಪಾವಳಿ ಕಳೆದು ಹತ್ತು ದಿನಕ್ಕೆ ಅವರೇ ಬಂದರು. ರಾತ್ರಿ ಬಸ್ಸು. ನಮ್ಮ ಕಡೆಯ ಬಸ್ಸುಗಳು ನಸುಕಿನಲ್ಲಿ ಸಾನಪಾಡಾದ ಹೈವೇಯಲ್ಲಿ ಇಳಿಸಿಬಿಡುತ್ತವೆ, ಇಲ್ಲಿರುವ ಎಲ್ಲರಿಗೂ ಗೊತ್ತು. ಐದು ಗಂಟೆಗೆ ಇಳಿದು, ಸ್ಟೇಷನ್ನಿನ ಬೆಂಚಿನ ಮೇಲೆ ಒಂಬತ್ತರವರೆಗೆ ಕೂತಿದ್ದರಂತೆ. ನಾನು ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ ಮಲಗಿದ್ದೆ.

ಅವರ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು ನಮ್ಮ ಇಂಗ್ಲಿಷ್ ಪತ್ರ. ಇನ್ನೊಂದು ಕನ್ನಡದ್ದು. ಇಂಗ್ಲಿಷ್ ತಿಳಿಯದೆ ಓಣಿಯ ಹುಡುಗನ ಬಳಿ ಒಯ್ದಿದ್ದರು, ಅವನು ಫೋನಿನಲ್ಲಿ ಕನ್ನಡ ಮಾಡಿಸಿ ಪ್ರಿಂಟು ತೆಗೆದುಕೊಟ್ಟಿದ್ದ. ಅನುವಾದ ಚೆನ್ನಾಗಿಯೇ ಇತ್ತು. ಅವರು ಎರಡನ್ನೂ ಕಚೇರಿಯೇ ಕಳಿಸಿದ್ದು ಎಂದುಕೊಂಡಿದ್ದರು. ನಾನು ಕನ್ನಡದಲ್ಲಿ ಮಾತಾಡಿದ್ದೇ ಅವರ ಮುಖ ಅರಳಿತು.

‘ನೀವ ಬರದೀರೇನ್ರಿ ಇದನ್ನ?’

‘ಹೌದ್ರಿ ಅಕ್ಕಾರ, ನಾನೇ’ ಎಂದೆ.

‘ಇಷ್ಟ ಚಂದ ಕನ್ನಡ ಬರೀತೀರಿ. ಮತ್ತ ನನ್ನ ಕನ್ನಡ ಕಾಗದ ಯಾಕ ಓದಲಿಲ್ರಿ?’

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. ನನಗೆ ಉತ್ತರ ಗೊತ್ತಿತ್ತು, ಹೇಳಲಾಗಲಿಲ್ಲ. ಒಂದು ಯಂತ್ರ ಇಂಗ್ಲಿಷಿನಲ್ಲಿ ಬರೆದಿತ್ತು, ಇನ್ನೊಂದು ಯಂತ್ರ ಕನ್ನಡದಲ್ಲಿ ಓದಿತ್ತು. ನಡುವೆ ಎರಡು ಬದಿಗೂ ಕನ್ನಡದ ಮನುಷ್ಯರೇ ಇದ್ದೆವು. ‘ಚಹಾ ತಗೋರಿ’ ಎಂದು ಎದ್ದುಹೋದೆ.

ನಾನೇ ಬರೆದದ್ದು ಎಂದೆನಲ್ಲ, ಅದು ಸುಳ್ಳೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮೇಲ್ನೋಟಕ್ಕೆ ಸುಳ್ಳಲ್ಲ. ಸರಕಾರದಲ್ಲಿ ಬರೆದವನೇ ಸಹಿ ಹಾಕಬೇಕೆಂದೇನೂ ಇಲ್ಲ. ಮಂತ್ರಿಯ ಭಾಷಣ ಮಂತ್ರಿ ಬರೆದದ್ದಲ್ಲ. ಗುಮಾಸ್ತ ಬರೆಯುತ್ತಾನೆ, ಸಾಹೇಬ ಸಹಿ ಹಾಕುತ್ತಾನೆ. ಶಾನುಭೋಗರ ಕಾಲದಿಂದಲೂ ಹೀಗೇ. ಪದ ಯಾರದು ಎಂಬುದು ಕಡತಕ್ಕೆ ಎಂದೂ ಮುಖ್ಯವಾಗಿರಲಿಲ್ಲ. ಹಾಗಾದರೆ ಸಹಿ ಎಂದರೆ ಏನು? ಪದ ನನ್ನದು ಎಂದಲ್ಲ, ಕೇಳಿದರೆ ಉತ್ತರ ನನ್ನದು ಎಂದು. ಅವರು ‘ಯಾಕ’ ಎಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಪತ್ರದಲ್ಲಿ ಕಾರಣ ಬರೆದಿತ್ತು. ಆ ಕಾರಣ ನನ್ನ ತಲೆಯಲ್ಲಿ ಒಂದು ಕ್ಷಣವೂ ಇರಲಿಲ್ಲ. ಸುಳ್ಳು ಇದ್ದದ್ದು ಅಲ್ಲಿ.

ನಮ್ಮ ಕಾನೂನಿನಲ್ಲಿ ಇದಕ್ಕೆ ಒಳ್ಳೆಯ ಮಾತುಗಳಿವೆ. ಕಾರಣ ಕೊಟ್ಟು ಬರೆದ ಆದೇಶಕ್ಕೆ ಸ್ಪೀಕಿಂಗ್ ಆರ್ಡರ್ ಎನ್ನುತ್ತಾರೆ, ಮಾತಾಡುವ ಆದೇಶ. 1977ರಷ್ಟು ಹಿಂದೆಯೇ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು: ಆದೇಶದಲ್ಲಿ ಬರೆದ ಕಾರಣದಿಂದಲೇ ಆ ಆದೇಶ ನಿಲ್ಲಬೇಕು ಅಥವಾ ಬೀಳಬೇಕು, ಆಮೇಲೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ಹೊಲಿದು ಕೊಡುವಂತಿಲ್ಲ. ಇನ್ನೊಂದು ಮಾತು, ಮನಸ್ಸು ಕೊಡದೆ ಹೊರಡಿಸಿದ ಆದೇಶ. ಅರ್ಧ ರಿಟ್ ಅರ್ಜಿಗಳಲ್ಲಿ ಈ ದೂರು ಇರುತ್ತದೆ. ನಾವು ಅದನ್ನು ವಕೀಲರ ಚಟ ಎಂದು ನಗುತ್ತಿದ್ದೆವು. ಈಗ ಮನಸ್ಸು ಎಂಬ ಆ ಪದ ಕಣ್ಣಿಗೆ ಕುಕ್ಕುತ್ತದೆ. ಪತ್ರ ಮಾತಾಡುತ್ತಿತ್ತು, ನಾಲ್ಕು ವಾಕ್ಯ ನಿರರ್ಗಳವಾಗಿ. ಅದರ ಹಿಂದೆ ಯಾರೂ ಇರಲಿಲ್ಲ.

ನನ್ನದು ಒಂದೇ ಅಲ್ಲ ಎಂದು ತೋರಿಸಲು ಹೇಳುತ್ತಿಲ್ಲ, ಆದರೆ ದೂರ ಹೋಗಬೇಕಿಲ್ಲ. 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಒಂದು ಆದಾಯ ತೆರಿಗೆ ಆದೇಶವನ್ನು ರದ್ದುಮಾಡಿತು. ತೆರಿಗೆ ಅಧಿಕಾರಿ ಆಧಾರವಾಗಿ ಕೊಟ್ಟಿದ್ದ ಮೂರು ತೀರ್ಪುಗಳು ಲೋಕದಲ್ಲಿ ಎಲ್ಲೂ ಇರಲಿಲ್ಲ. ಎಐ ಬಳಸಿದರು ಎಂದು ಪೀಠ ನೇರವಾಗಿ ಹೇಳಲಿಲ್ಲ. ಈ ಎಐ ಕಾಲದಲ್ಲಿ ಯಂತ್ರ ಕೊಟ್ಟದ್ದನ್ನು ತಾಳೆ ನೋಡದೆ ನೆಚ್ಚಬೇಡಿ ಎಂದು ಎಚ್ಚರಿಸಿತು. ಅದೇ ವರ್ಷದ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಇದಕ್ಕಿಂತ ಮುಜುಗರದ ಸಂಗತಿ ಬಂದಿತ್ತು: ಕೆಳಗಿನ ನ್ಯಾಯಾಲಯದ ತೀರ್ಮಾನವೊಂದು ಹುಟ್ಟೇ ಇರದ ಸುಪ್ರೀಂ ಕೋರ್ಟ್ ತೀರ್ಪುಗಳ ಮೇಲೆ ನಿಂತಿತ್ತು. ಜುಲೈನಲ್ಲಿ ಕೇರಳ ಹೈಕೋರ್ಟು ತನ್ನ ಜಿಲ್ಲಾ ನ್ಯಾಯಾಲಯಗಳಿಗೆ ನೀತಿ ಬರೆದುಕೊಟ್ಟಿತು, ತೀರ್ಮಾನಕ್ಕೆ ಬರಲು ಎಐ ಕೂಡದು ಎಂದು. ಆಸ್ಟ್ರೇಲಿಯಾದಲ್ಲಿ ಸರಕಾರಕ್ಕೆ ವರದಿ ಬರೆದುಕೊಟ್ಟ ಡೆಲಾಯ್ಟ್ ಕಂಪನಿ, ಅದರಲ್ಲಿ ಇಲ್ಲದ ಪುಸ್ತಕಗಳ ಉಲ್ಲೇಖ ಸಿಕ್ಕಿದ್ದಕ್ಕೆ ದುಡ್ಡಿನ ಒಂದು ಪಾಲು ವಾಪಸು ಕೊಡಬೇಕಾಯಿತು. ಸಾಕು. ಇವೆಲ್ಲ ಯಂತ್ರ ಇಲ್ಲದ್ದನ್ನು ಹುಟ್ಟಿಸಿದ ಕಥೆಗಳು. ನನ್ನದರಲ್ಲಿ ಅದು ಏನನ್ನೂ ಹುಟ್ಟಿಸಲಿಲ್ಲ, ಇದ್ದದ್ದನ್ನು ಬಿಟ್ಟಿತು. ಹುಟ್ಟಿಸಿದ್ದನ್ನು ಹುಡುಕಿ ಹಿಡಿಯಬಹುದು. ಬಿಟ್ಟದ್ದನ್ನು ಹಿಡಿಯಲು ಇಡೀ ಕಡತ ಓದಬೇಕು, ಓದುವುದಾದರೆ ಯಂತ್ರದ ಉಳಿತಾಯ ಎಲ್ಲಿ ಬಂತು?

ಸಾತಾರಾದ ಹುಡುಗಿಗೆ ಇದನ್ನೆಲ್ಲ ಹೇಳಿಕೊಂಡೆ. ಅವಳು ನನ್ನನ್ನು ಸುಲಭವಾಗಿ ಬಿಡಲಿಲ್ಲ. ‘ಸರ್, ಎಐ ಇಲ್ಲದಾಗ ನೀವು ಒಂದೂ ಫೈಲು ಓದದೆ ಬರೆದಿಲ್ಲವೇ? ಮೇಲಿನ ಮೂವರು ಏನು ಓದಿ ಸಹಿ ಹಾಕಿದರು? ನಿಮ್ಮ ಸೋಮಾರಿತನಕ್ಕೆ ಫೋನನ್ನು ಯಾಕೆ ಬೈಯುತ್ತೀರಿ?’ ಮರಾಠಿಯಲ್ಲಿ ಕೇಳಿದಳು, ಅದರಲ್ಲಿ ಇನ್ನೂ ಮೊನಚಾಗಿತ್ತು. ನಿಜ, ಓದದೆ ಬರೆದಿದ್ದೇನೆ. ಹಳೆಯ ಫೈಲಿನಿಂದ ಇಳಿಸಿದ್ದೇನೆ. ಹಾಗಾದರೆ ಬದಲಾದದ್ದು ಏನು?

ಹಲವು ದಿನ ಯೋಚಿಸಿ ನನಗೆ ಹೊಳೆದದ್ದು ಇಷ್ಟು. ನನ್ನ ಕೆಟ್ಟ ಇಂಗ್ಲಿಷ್ ಒಂದು ಕೆಲಸ ಮಾಡುತ್ತಿತ್ತು. ವಿಷಯ ನನಗೆ ತಿಳಿದಿಲ್ಲದಾಗ ವಾಕ್ಯ ಮುರಿಯುತ್ತಿತ್ತು, ಟಿಪ್ಪಣಿ ತೊದಲುತ್ತಿತ್ತು. ಸಾಹೇಬರು ಅಂಚಿನಲ್ಲಿ ಎರಡೇ ಪದ ಬರೆದು ಕೆಳಗೆ ಕಳಿಸುತ್ತಿದ್ದರು: ‘ಪ್ಲೀಸ್ ಸ್ಪೀಕ್’. ಬಂದು ಮಾತಾಡು. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಈ ಎರಡು ಪದದ ಭಯ ಗೊತ್ತು. ನನ್ನ ಮೊದಲ ಅಧೀಕ್ಷಕರು ರತ್ನಾಗಿರಿಯವರು. ಒಳಗೆ ಹೋಗಿ ನಿಂತರೆ ತಲೆಯೆತ್ತದೆ ಒಂದೇ ಪ್ರಶ್ನೆ ಕೇಳುತ್ತಿದ್ದರು, ‘ಫಾಯಿಲ್ ವಾಚಲೀ ಕಾ?’ ಓದಿದೆಯಾ? ಸುಳ್ಳು ಹೇಳಿದರೆ ನಡುವಿನ ಯಾವುದೋ ಪುಟದಿಂದ ಒಂದು ಪ್ರಶ್ನೆ. ಹೀಗೆ ನನ್ನ ಅಜ್ಞಾನ ಭಾಷೆಯಲ್ಲಿ ಸೋರಿಹೋಗುತ್ತಿತ್ತು, ಸೋರಿದ್ದರಿಂದ ಸಿಕ್ಕಿಬೀಳುತ್ತಿದ್ದೆ, ಸಿಕ್ಕಿಬಿದ್ದದ್ದರಿಂದ ಓದುತ್ತಿದ್ದೆ. ಈಗ ಏನೂ ತಿಳಿಯದವನ ಟಿಪ್ಪಣಿಯೂ ಎಲ್ಲ ತಿಳಿದವನ ಟಿಪ್ಪಣಿಯೂ ಒಂದೇ ನುಣುಪು. ಕಳೆದ ಒಂದು ವರ್ಷದಲ್ಲಿ ನನ್ನ ಯಾವ ಕಡತದ ಮೇಲೂ ‘ಪ್ಲೀಸ್ ಸ್ಪೀಕ್’ ಬಂದಿರಲಿಲ್ಲ. ಅದನ್ನು ನಾನು ಬಡ್ತಿ ಸಿಕ್ಕಂತೆ ಎಣಿಸಿದ್ದೆ.

ಆದರೆ ಅವಳ ವಡಾಪಾವು? ಅಲ್ಲಿಯೂ ಇದೇ ಯಂತ್ರ. ಒಂದು ವ್ಯತ್ಯಾಸ ಉಂಟು, ಅವಳಿಗೆ ವಿಷಯ ಗೊತ್ತಿರುತ್ತದೆ, ಭಾಷೆ ಬೇಕಿರುತ್ತದೆ. ನನಗೆ ಆ ಸಂಜೆ ಭಾಷೆಯೂ ಬೇಕಿತ್ತು, ವಿಷಯವೂ ಬೇಕಿತ್ತು, ತೀರ್ಮಾನವೂ ಬೇಕಿತ್ತು. ಮೂರನ್ನೂ ಒಂದೇ ಕಡೆ ಕೇಳಿದೆ. ಈ ಗೆರೆಯನ್ನು ತರಬೇತಿಯ ಫಾರ್ಮಿನಲ್ಲಿ ಎಳೆಯುವುದು ಕಷ್ಟ. ಹೊರಗಿನಿಂದ ನೋಡಿದರೆ ಇಬ್ಬರೂ ಫೋನು ಹಿಡಿದವರೇ, ಇಬ್ಬರೂ ಐದು ಒತ್ತಿದವರೇ.

ಇನ್ನೂ ತೊಡಕಿನ ಒಂದು ಮಾತಿದೆ. ಆ ಹೆಣ್ಣುಮಗಳು ಬಂದುಹೋದ ರಾತ್ರಿ 43ನೇ ಪುಟದ ವಿಷಯವನ್ನು, ಹೆಸರು ತೆಗೆದು, ಅದೇ ಎಐಗೆ ಕೇಳಿದೆ. ಅದು ತಕ್ಷಣ 2017ರ ಆದೇಶ ಹೇಳಿ, ಅರ್ಹರು ಎಂದಿತು. ತಪ್ಪು ಒಪ್ಪಿಕೊಂಡು ಕ್ಷಮೆಯನ್ನೂ ಕೇಳಿತು, ಒಳ್ಳೆಯ ಭಾಷೆಯಲ್ಲಿ. ಅಂದರೆ ಆ ಸಂಜೆ ಜೆರಾಕ್ಸು ಸ್ವಲ್ಪ ಗಾಢವಾಗಿದ್ದಿದ್ದರೆ ಕರಡು ಸರಿಯಾಗಿಯೇ ಬರುತ್ತಿತ್ತು. ಅವರಿಗೆ ಪಿಂಚಣಿ ಸಿಗುತ್ತಿತ್ತು, ನಾನು ಇದನ್ನು ಬರೆಯುತ್ತಿರಲಿಲ್ಲ. ನನ್ನ ನಡತೆ ಮಾತ್ರ ಅದೇ ಇರುತ್ತಿತ್ತು: ಓದಿರದ ಕಡತ, ಊರ ಹೊರಗೆ ಹೋದ ಇನ್ನೊಬ್ಬರ ಸಂಸಾರದ ಕಾಗದ, ನನ್ನದಲ್ಲದ ಕಾರಣದ ಕೆಳಗೆ ನನ್ನ ಸಹಿ. ಫಲ ಒಳ್ಳೆಯದಾದರೆ ಇದು ದಕ್ಷತೆ, ಕೆಟ್ಟದಾದರೆ ಅಪರಾಧ, ನಡುವೆ ಇರುವುದು ಜೆರಾಕ್ಸ್ ಅಂಗಡಿಯವನ ಟೋನರು. ನಾಳೆ ಯಂತ್ರ ಇನ್ನೂ ಜಾಣವಾಗುತ್ತದೆ, ಮಸುಕು ಕನ್ನಡವನ್ನೂ ಓದುತ್ತದೆ, ನೂರಕ್ಕೆ ತೊಂಬತ್ತೊಂಬತ್ತು ಸರಿ ಹೇಳುತ್ತದೆ. ಆಗ ನಾನು ಓದದಿರುವುದು ಸರಿಯಾಗುತ್ತದೆಯೇ? ನನ್ನ ಬುದ್ಧಿ ಹೌದು ಎನ್ನಲು ನೋಡುತ್ತದೆ, ಏಕೆಂದರೆ ನಾನು ನೂರಕ್ಕೆ ತೊಂಬತ್ತೊಂಬತ್ತು ಎಂದೂ ಸರಿಯಿದ್ದವನಲ್ಲ. ಆದರೆ ಬೆಂಚಿನ ಮೇಲೆ ನಾಲ್ಕು ತಾಸು ಕೂತು ಬಂದವರು ಕೇಳಿದ್ದು ಸರಿ ಉತ್ತರವನ್ನಷ್ಟೇ ಅಲ್ಲ. 43ನೇ ಪುಟವನ್ನು ಯಾರಾದರೂ ನೋಡಿದಿರಾ ಎಂದು ಕೇಳಿದರು.

ಊರಲ್ಲಿ ನಮ್ಮ ಕಾಕಾ ತಲಾಟಿಯಾಗಿದ್ದ. ಹಳೆಯ ಮುಂಬಯಿ ಪ್ರಾಂತ್ಯದ ಭಾಗವಾದ್ದರಿಂದ ನಮ್ಮ ಕಡೆ ಗ್ರಾಮ ಲೆಕ್ಕಿಗರಿಗೆ ಈಗಲೂ ಹಳಬರು ತಲಾಟಿ ಎಂದೇ ಅನ್ನುತ್ತಾರೆ. ಸುಮಾರು 2001ರ ಹೊತ್ತಿಗೆ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂತು. ಎರಡು ಕೋಟಿಯಷ್ಟು ಪಹಣಿಗಳು, ನಮ್ಮ ಮಾತಿನಲ್ಲಿ ಉತಾರಗಳು, ತಲಾಟಿಗಳ ದಪ್ಪ ಪುಸ್ತಕಗಳಿಂದ ಕಂಪ್ಯೂಟರಿಗೆ ಏರಿದವು. ಕೈಬರಹದ ಉತಾರ ಇನ್ನು ಚಲಾವಣೆಯಿಲ್ಲ, ತಾಲೂಕಿನ ಕೇಂದ್ರದಲ್ಲಿ ಹದಿನೈದು ರೂಪಾಯಿಗೆ ಪ್ರಿಂಟು. ಆಗಲೂ ಇದೇ ಪ್ರಶ್ನೆ ಇತ್ತು, ನೌಕರರು ಸಿದ್ಧರಿದ್ದಾರೆಯೇ ಎಂದು. ಕಾಕಾನಿಗೆ ಮೌಸು ಹಿಡಿಯಲು ಒಂದು ತಿಂಗಳು ಬೇಕಾಯಿತು. ಆದರೆ ಅವನು ಹೆದರಿದ್ದು ಮೌಸಿಗಲ್ಲ. ಆ ವ್ಯವಸ್ಥೆಯಲ್ಲಿ ದಾಖಲೆ ಮುಟ್ಟುವ ನೌಕರ ಮೊದಲು ಬೆರಳಚ್ಚು ಒತ್ತಬೇಕಿತ್ತು. ಯಾರು ಯಾವಾಗ ಏನು ತಿದ್ದಿದರು ಎಂದು ಯಂತ್ರ ಬರೆದಿಟ್ಟುಕೊಳ್ಳುತ್ತಿತ್ತು. ‘ತಮ್ಮಾ, ಇಲ್ಲೀತನಕ ಪೆನ್ನು ತಪ್ಪೇತಿ ಅಂತ ಹೇಳಬಹುದಿತ್ತು. ಇನ್ನ ಬೆರಳs ಸಾಕ್ಷಿ’ ಎಂದಿದ್ದ. ಕಾಕಾ ಸಂತನೇನಲ್ಲ. ಅವನ ಪೆನ್ನು ಕೆಲವು ಸಲ ಬೇಕೆಂದೇ ತಪ್ಪಿತ್ತು ಎಂದು ಊರಿಗೆಲ್ಲ ಗೊತ್ತು. ಬಹುಶಃ ಅದಕ್ಕೇ ಅವನಿಗೆ ಯೋಜನೆಯ ತಿರುಳು ನಮಗಿಂತ ಬೇಗ ತಿಳಿಯಿತು.

ಭೂಮಿಯ ಯಂತ್ರ ಮನುಷ್ಯನ ಬೆರಳನ್ನು ಕಾಗದಕ್ಕೆ ಇನ್ನೂ ಗಟ್ಟಿಯಾಗಿ ಅಂಟಿಸಿತು. ಈಗಿನ ಯಂತ್ರ ಆ ಬೆರಳನ್ನು ಮೆಲ್ಲಗೆ ಬಿಡಿಸುತ್ತಿದೆ. ನೌಕರಶಾಹಿಯೆಂದರೆ ಯಾರೂ ಅಲ್ಲದವರು ನಡೆಸುವ ಆಡಳಿತ, ಅಲ್ಲಿ ಪ್ರಶ್ನೆ ಕೇಳಲು ಎದುರಿಗೆ ಯಾರೂ ಸಿಗುವುದಿಲ್ಲ ಎಂಬರ್ಥದ ಮಾತನ್ನು ಹನ್ನಾ ಅರೆಂಟ್ ಬರೆದಿದ್ದರು, ಕಂಪ್ಯೂಟರು ನಮ್ಮ ಮೇಜಿಗೆ ಬರುವುದಕ್ಕೂ ಎಷ್ಟೋ ಮೊದಲು. ನನ್ನ ಎದುರಿಗೆ ಬಂದು ನಿಂತವರಿಗೆ ‘ನಾನೇ’ ಎಂದೆನಲ್ಲ, ಆ ಒಂದು ಮಾತು ಸುಳ್ಳಾಗಿಯಾದರೂ ಬಾಯಿಗೆ ಬಂತು ಎಂಬುದಷ್ಟೇ ನನಗೆ ಉಳಿದಿರುವ ಸಮಾಧಾನ. ಎಐ ಬರೆದದ್ದು ಎಂದು ಹೇಳಿದ್ದರೆ ಅದು ನಿಜವಾಗುತ್ತಿತ್ತು. ಅವರು ಯಾರನ್ನು ಕೇಳಬೇಕಿತ್ತು ಆಮೇಲೆ?

ಕಡತವನ್ನು ಮತ್ತೆ ತೆರೆಯಲು ಮೂರು ವಾರ ಹಿಡಿಯಿತು. ಹೊಸ ಟಿಪ್ಪಣಿಯನ್ನು ನಾನೇ ಬರೆದೆ, ನನ್ನ ಐದು ವಾಕ್ಯದ ಇಂಗ್ಲಿಷಿನಲ್ಲಿ. ಮೊದಲ ತಿರಸ್ಕಾರ ನನ್ನ ತಪ್ಪು ಓದಿನಿಂದ ಆಯಿತು ಎಂದು ಸೇರಿಸಿದೆ. ಓದಲೇ ಇಲ್ಲ ಎಂದು ಬರೆಯುವ ಧೈರ್ಯ ಬರಲಿಲ್ಲ. ಎರಡು ದಿನಕ್ಕೆ ಕೆಳಗೆ ಬಂತು. ಹಸಿರು ಪುಟದ ಮೇಲೆ, ಎಷ್ಟೋ ಕಾಲದ ಮೇಲೆ, ‘ಪ್ಲೀಸ್ ಸ್ಪೀಕ್’. ಹೋಗಿ ನಿಂತೆ. ಸಾಹೇಬರು ಹೊಸಬರು, ಉತ್ತರದವರು. 43ನೇ ಪುಟ ತೆಗೆದು ಗಟ್ಟಿಯಾಗಿ ಕನ್ನಡದಲ್ಲಿ ಓದಿ, ವಾಕ್ಯ ವಾಕ್ಯಕ್ಕೆ ಹಿಂದಿಯಲ್ಲಿ ಹೇಳಿದೆ. ಅವರು ತಾರೀಖಿನ ಮುದ್ರೆಯನ್ನು ಹತ್ತಿರ ಹಿಡಿದು ನೋಡಿದರು. ಸಹಿ ಹಾಕಿದರು.

ಈಗ ಕಡತ ಲೆಕ್ಕಪತ್ರದವರ ಬಳಿ ಹೋಗಿ ಒಂದು ಆಕ್ಷೇಪಣೆಯೊಂದಿಗೆ ವಾಪಸು ಬಂದಿದೆ: ಆ ಪುಟದ ಇಂಗ್ಲಿಷ್ ಅನುವಾದ ಬೇಕು, ಮಾಡಿದವರ ಸಹಿಯೊಂದಿಗೆ. ‘ಎರಡು ಸೆಕೆಂಡಿನ ಕೆಲಸ ಸರ್’ ಎಂದು ಮುಂದಿನ ಮೇಜಿನಿಂದ ಹುಡುಗಿ ಫೋನು ಎತ್ತಿ ತೋರಿಸಿದಳು. ಬೇಡ ಎನ್ನಲಿಲ್ಲ, ಕೊನೆಗೆ ತಾಳೆ ನೋಡಲು ಕೊಡುತ್ತೇನೆ ಎಂದೆ. ಆರು ಸಾಲು ಆಗಿದೆ. ಏಳನೆಯದು ಹೀಗಿದೆ: ‘ಅರ್ಜಿದಾರಳು ಅಂದಿನಿಂದ ತನ್ನ ತವರುಮನೆಯಲ್ಲಿ ತಾಯಿಯ ಆಶ್ರಯದಲ್ಲಿ ಇರುತ್ತಾಳೆ.’ ತವರುಮನೆಗೆ ಇಂಗ್ಲಿಷಿನಲ್ಲಿ ಏನು ಬರೆಯುವುದೆಂದು ನಿನ್ನೆಯಿಂದ ಹುಡುಕುತ್ತಿದ್ದೇನೆ. ಫಾರ್ಮಿನ ಗಡುವು ಮುಗಿದು ಎರಡು ಜ್ಞಾಪನೆ ಬಂದಿವೆ.